ಕರೆಂಟು ಹೋದಾಗ ಖುಷಿಪಟ್ಟವನು

೧೯೯೮ರಲ್ಲಿ ನಾನು ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಕಂಪ್ಯೂಟರ್. ಆದರೂ ನನ್ನ ಹುದ್ದೆಗೆ ‘ಸಿಸ್ಟಮ್ಸ್ ಮ್ಯಾನೇಜರ್’ ಎಂದು ನಾನೇ ಹೆಸರಿಟ್ಟುಕೊಂಡಿದ್ದೆ. ತಮ್ಮ ರಾಗಿ ಹೊಲದಲ್ಲೇ ಶೆಡ್ಡು ಎಬ್ಬಿಸಿದ್ದ ಮಾಲೀಕ ನಂಜಪ್ಪನವರು ಮಾತ್ರ ನನ್ನನ್ನು ‘ಟೈಪಿನ ಮಡಿವಾಳಪ್ಪ’ ಎನ್ನುತ್ತಿದ್ದರು.

ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಬೇರೆ ಬೇರೆ ದೇಶಗಳ ಜನ, ಒಬ್ಬರ ಮುಖ ಒಬ್ಬರು ನೋಡದೆ, ಬರೀ ಇ-ಮೇಲಿನಲ್ಲಿ ಮಾತಾಡಿಕೊಂಡು ಒಂದು ಪ್ರೋಗ್ರಾಮ್ ಕಟ್ಟುತ್ತಿದ್ದರು. ಕರೆಂಟು ಹೋದಾಗ, ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ, ಕಂಪ್ಯೂಟರನ್ನು ಜೋಪಾನವಾಗಿ ನಿಲ್ಲಿಸುವ ಪ್ರೋಗ್ರಾಮ್ ಅದು. ಡೆನ್ಮಾರ್ಕಿನ ಹೆನ್ರಿಕ್ ಎಂಬಾತ ಆ ಬಳಗದ ಯಜಮಾನ. ಸಂಬಳವಿಲ್ಲದ ಆ ಕೆಲಸಕ್ಕೆ ನಾನೂ ಸೇರಿದೆ.

ಕೆಲವು ತಿಂಗಳು ಸುಮ್ಮನೆ ಓದಿದೆ, ಪಂಕ್ತಿಗೆ ಕೂರಲು ಧೈರ್ಯ ಸಾಲದೆ ಚಪ್ಪರದ ಕಂಬ ಹಿಡಿದು ನಿಂತವನ ಹಾಗೆ. ಆಮೇಲೆ ಹುಮ್ಮಸ್ಸು ಬಂದು, ನಾನೇ ಬರೆದ ನಾಲ್ಕು ಸಾಲು ಕೋಡ್ ಕಳಿಸಿದೆ. ಹೆನ್ರಿಕ್ ಬಹಳ ಮರ್ಯಾದೆಯಿಂದ ಉತ್ತರಿಸಿದ: “ಪ್ರಯತ್ನ ಚೆನ್ನಾಗಿದೆ. ಆದರೆ ಇದು ಕರೆಂಟು ಬಂದಾಗ ಕಂಪ್ಯೂಟರನ್ನು ನಿಲ್ಲಿಸುತ್ತದೆ.”

ಮತ್ತೆ ಕಂಬ ಹಿಡಿದೆ.

ಒಂದು ದಿನ ಹೆನ್ರಿಕ್ ಎಲ್ಲರನ್ನೂ ಕೇಳಿದ: “ನಾವು ಪ್ಲಗ್ ಕಿತ್ತು ಪರೀಕ್ಷೆ ಮಾಡುತ್ತಿದ್ದೇವೆ. ನಿಜವಾಗಿ ಕರೆಂಟು ಹೋಗುವ ಕಡೆ ಯಾರಾದರೂ ಇದ್ದೀರಾ?” ಅದೊಂದರಲ್ಲಿ ನನ್ನನ್ನು ಸೋಲಿಸುವವರು ಆ ಬಳಗದಲ್ಲಿರಲಿಲ್ಲ. ನಮ್ಮ ಕರೆಂಟು ನೇರವಾಗಿ ಹೋಗುತ್ತಲೂ ಇರಲಿಲ್ಲ; ಹೋದಂತೆ ಮಾಡಿ ಬರುತ್ತಿತ್ತು, ಬಂದಂತೆ ಮಾಡಿ ಹೋಗುತ್ತಿತ್ತು. ಪ್ರೋಗ್ರಾಮ್ ಪ್ರತಿ ಸಲವೂ ಗಲಿಬಿಲಿಗೊಳ್ಳುತ್ತಿತ್ತು. ನಾನು ವರದಿ ಬರೆಯುತ್ತಿದ್ದೆ, ಅವರು ಸರಿಮಾಡುತ್ತಿದ್ದರು. ನಾನೀಗ ಅಧಿಕೃತ ಪರೀಕ್ಷಕ!

ಲಗ್ಗೆರೆಯ ಮನೆಗೆ ಹೋಗಿ ಹೆಂಡತಿ ಶೈಲಜಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕರೆಂಟ್ ಹೋತು ಅಂತ ಬರದು ಕಳಸೂದೂ ಒಂದು ಉದ್ಯೋಗೇನ್ರೀ?” ಎಂದಳು.

ನಂಜಪ್ಪನವರ ಕಷ್ಟ ಬೇರೆ. ಕರೆಂಟು ಹೋದರೆ ಲೇತುಗಳೆಲ್ಲ ನಿಂತು, ಅವರು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಾನು ಹಲ್ಲು ಕಿರಿಯುತ್ತ ಕಂಪ್ಯೂಟರಿನ ಕಡೆ ಓಡುತ್ತಿದ್ದೆ.

“ಏನಯ್ಯಾ, ಕರೆಂಟ್ ಓದ್ರೆ ನಂಗೆ ಒಟ್ಟೆ ಉರೀತದೆ, ನಿಂಗೆ ಅಬ್ಬಾನಾ?” ಎಂದು ಒಮ್ಮೆ ಗದರಿದರು. ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸವನ್ನೂ ನನಗೇ ಹಚ್ಚಿದರು. ಇಂಗ್ಲಿಷಿನ ಜಂಬದಲ್ಲಿ ಮೈಮರೆತು ಕಲ್ಲೂ ಕರಗುವಂತೆ ಬರೆದೆ. ಟ್ರಾನ್ಸ್‌ಫಾರ್ಮರ್ ಬಂತು. ಪೂಜೆ ಮಾಡಿ ಕಾಯಿ ಒಡೆದವನೂ ನಾನೇ.

ಅಲ್ಲಿಂದ ಕರೆಂಟು ಹೋಗುವುದು ಅಪರೂಪವಾಯಿತು. ವರದಿಗೆ ಏನೂ ಇಲ್ಲದೆ ವಾರಗಳು ಕಳೆದವು. ಕೊನೆಗೆ ಬೇಸರದಿಂದಲೇ ಬಳಗಕ್ಕೆ ಬರೆದೆ: “ನಮ್ಮಲ್ಲಿ ಕರೆಂಟು ಹೋಗುವುದು ನಿಂತಿದೆ. ನನ್ನಿಂದ ಇನ್ನು ಉಪಯೋಗವಿಲ್ಲ. ರಾಜೀನಾಮೆ ಒಪ್ಪಿಕೊಳ್ಳಿ.”

“ನಿಮ್ಮ ಊರಿಗೆ ಅಭಿನಂದನೆ,” ಎಂದು ಹೆನ್ರಿಕ್ ಬರೆದ. “ಹೊಸಬರು ದಿನಾ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಿಸಲು ನಮಗ್ಯಾರಿಗೂ ತಾಳ್ಮೆಯಿಲ್ಲ. ನೀವು ಉತ್ತರಿಸುತ್ತೀರಾ?”

ಓದಿ ಎದೆ ತುಂಬಿ ಬಂತು. ಆ ಕೆಲಸಕ್ಕೆ ಬುದ್ಧಿ ಬೇಕಿರಲಿಲ್ಲ. ಕೇಳುವವನ ತಪ್ಪನ್ನು ನಾವು ಮೊದಲೇ ಮಾಡಿರಬೇಕಿತ್ತು, ಅಷ್ಟೆ. ಆ ಅರ್ಹತೆ ನನ್ನಲ್ಲಿ ಧಾರಾಳವಾಗಿತ್ತು. ಯಾವ ಕೇಬಲ್ ಎಲ್ಲಿಗೆ, ಯಾವ ವೈರು ಅದಲುಬದಲಾದರೆ ಏನಾಗುತ್ತದೆ, ಎಲ್ಲವನ್ನೂ ಒಬ್ಬೊಬ್ಬರಿಗೂ ಬಿಡಿಸಿ ಬರೆದೆ. ಕೀನ್ಯಾದ ಕಾಲೇಜು ಮೇಷ್ಟ್ರೊಬ್ಬರು “ಡಾಕ್ಟರ್ ಮಡಿವಾಳಪ್ಪ, ಕೆಲಸ ಮಾಡಿತು, ವಂದನೆಗಳು” ಎಂದು ಬರೆದರು. ತಿದ್ದುವ ಮನಸ್ಸಾಗಲಿಲ್ಲ. ಪ್ರಿಂಟ್ ತೆಗೆದು ಮನೆಗೆ ಒಯ್ದೆ.

ಶೈಲಜಾ ಬಾಗಿಲಲ್ಲಿ ನಿಂತೇ ಓದಿ ನಕ್ಕಳು. “ಡಾಕ್ಟರ್ ಸಾಹೇಬ್ರ, ಮನ್ಯಾಗ ಫ್ಯೂಸ್ ಹೋಗೇತಿ, ನೋಡ್ರಿ.”

ಫ್ಯೂಸ್ ಕಟ್ಟಲು ನನಗೆ ಬರುತ್ತಿರಲಿಲ್ಲ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ನರಸಿಂಹಯ್ಯನನ್ನು ಕರೆತರಲು ಹೊರಟೆ.