ಮುದುಕಿ ಕೊಟ್ಟ ಗಂಟು

ಗಲ್ಫಿನಲ್ಲಿ ಶುಕ್ರವಾರ ರಜೆ. ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಊಟವಾದ ಕೂಡಲೇ ಆಟ ಶುರು. ಮಗಳು ಶಾಲೆಯಿಂದ ಹಚ್ಚಿಕೊಂಡು ಬಂದ ಹುಚ್ಚು ಅದು: ರಾಜರ ಕಾಲದ, ಮಂತ್ರವಾದಿಗಳಿರುವ ಒಂದು ನಾಡು, ಆಡುವವರು ಅಲ್ಲಿನ ಪ್ರಯಾಣಿಕರು, ದಾಳ ಬಿದ್ದಂತೆ ಅವರ ಗತಿ. ಮಗಳು, ನನ್ನ ಗಂಡ, ಪಕ್ಕದ ಫ್ಲ್ಯಾಟಿನ ನರ್ಸ್ ಹುಡುಗಿ, ಮೂವರೂ ಪ್ರಯಾಣಿಕರು. ದಾರಿಯಲ್ಲಿ ಅವರಿಗೆ ಯಾರು ಎದುರಾಗುತ್ತಾರೆ ಎಂದು ಹೇಳುವವಳು ನಾನು. ಬಾಯಿ ಜೋರಿದ್ದವರಿಗೇ ಆ ಕೆಲಸವಂತೆ, ಮಗಳ ತೀರ್ಪು.

ಆ ದಿನ ಒಬ್ಬ ಮುದುಕಿಯನ್ನು ದಾರಿಬದಿಯಲ್ಲಿ ಕೂರಿಸಿದೆ. "ಮಕ್ಕಳೇ, ಈ ಗಂಟನ್ನು ಮುಂದಿನ ಕೋಟೆಯಲ್ಲಿರುವ ನನ್ನ ಮಗಳಿಗೆ ಮುಟ್ಟಿಸಿ." ಒಳಗಿರುವುದು ಕದ್ದ ಕಿರೀಟ. ಕೋಟೆ ಬಾಗಿಲಲ್ಲಿ ಮೂವರೂ ಸಿಕ್ಕಿಬೀಳಬೇಕು, ಅದು ನನ್ನ ಹೂಟ.

"ಮಮ್ಮಿ, ಇಟ್ಸ್ ಎ ಟ್ರ್ಯಾಪ್!" ಎಂದಳು ಮಗಳು. ದೊಡ್ಡವರಿಬ್ಬರು ಮಾತ್ರ ಒಟ್ಟಿಗೇ ಕೇಳಿದ್ದು, "ಎಷ್ಟು ಕೆ.ಜಿ. ಉಂಟು?" ಊರಿಗೆ ಹೋಗುವವರ ಕೈಯಲ್ಲಿ ಪೊಟ್ಟಣ ಕೊಡುವುದು, ಹೋಗುವವರು ಭಾರ ಎಷ್ಟೆಂದಷ್ಟೇ ಕೇಳಿ ತೆಗೆದುಕೊಳ್ಳುವುದು ಗಲ್ಫಿನಲ್ಲಿ ನಮ್ಮವರ ಪದ್ಧತಿ. ಬೇಡ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ನಾನು ಬಿದ್ದು ಬಿದ್ದು ನಕ್ಕೆ.

ನಗುವ ಯೋಗ್ಯತೆ ನನಗೆಲ್ಲಿತ್ತು! ಹಿಂದಿನ ರಜೆಯಲ್ಲಿ ನಾನು ಊರಿಗೆ ಹೊರಟಾಗ ಇದೇ ನರ್ಸ್ ಹುಡುಗಿ ಅಲ್ಲಿರುವ ತನ್ನ ಅಮ್ಮನಿಗೆಂದು ನನ್ನ ಕೈಯಲ್ಲಿ ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಟ್ಟಿದ್ದಳು. ಅಮ್ಮನಿಗೆ ಹಿಮ್ಮಡಿ ನೋವು. ಚರ್ಚಿಗೆ ನಡೆದೇ ಹೋಗಬೇಕು. ಏರ್‌ಪೋರ್ಟಿನಲ್ಲಿ ನಮ್ಮ ಪೆಟ್ಟಿಗೆಯ ಭಾರ ಹೆಚ್ಚಾಯಿತು. ನಮ್ಮ ಖರ್ಜೂರ, ನಮ್ಮ ಹಾಲಿನ ಪುಡಿ ತೆಗೆಯಲು ಮನಸ್ಸು ಬರಲಿಲ್ಲ. ಚಪ್ಪಲಿ ತೆಗೆದು, ಬಿಡಲು ಬಂದಿದ್ದ ಗಂಡನ ಕೈಗೆ ಕೊಟ್ಟೆ. ಮರಳಿ ಬಂದು, "ಗುರುತಿನವರ ಕೈಯಲ್ಲಿ ಮನೆಗೆ ಮುಟ್ಟಿಸಿದೆ" ಎಂದು ಅವಳಿಗೆ ಸುಳ್ಳು ಹೇಳಿದೆ. ಚಪ್ಪಲಿ ನಮ್ಮ ಕಪಾಟಿನ ಅಡಿಯಲ್ಲೇ ಉಳಿಯಿತು.

ಆಟ ಮುಂದುವರಿಯಿತು. ಹೊಳೆ ದಾಟುವಾಗ ನೆರೆ ತಂದೆ, ಕಾಡಿನಲ್ಲಿ ದರೋಡೆಕೋರರನ್ನು ತಂದೆ. ಗಂಟು ಹೊತ್ತಿದ್ದ ನರ್ಸ್ ಹುಡುಗಿ ಕತ್ತಿ ಬಿಟ್ಟಳು, ಕುದುರೆ ಬಿಟ್ಟಳು, ಗಂಟು ಮಾತ್ರ ಬಿಡಲಿಲ್ಲ.

"ಬಿಸಾಡು ಮಾರಾಯ್ತಿ, ಜೀವ ಉಳಿಸಿಕೋ!" ನನಗೇ ಸಿಟ್ಟು ನೆತ್ತಿಗೇರಿತು.

"ಅದು ಹೇಗಾಗ್ತದೆ ಅಕ್ಕ? ನಂಬಿ ಕೊಟ್ಟದ್ದಲ್ವಾ?"

ಗಂಡ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಗತಿಯೂ ಅದೇ ಆಯಿತು. ಎದ್ದು ಹೋಗಿ ಚಪ್ಪಲಿಯ ಪೊಟ್ಟಣ ತಂದು ಅವಳ ಮುಂದಿಟ್ಟೆ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು.

"ಮುಟ್ಟಿಸಲೇ ಇಲ್ಲ. ನಾನು ಹೇಳಿದ್ದು ಸುಳ್ಳು. ಬೈದುಬಿಡು."

ಅವಳು ಬೈಯಲಿಲ್ಲ. ಚಪ್ಪಲಿ ಹೊರಗೆ ತೆಗೆದು, ಸವೆಯದ ಅಟ್ಟೆಯ ಮೇಲೆ ಬೆರಳಾಡಿಸಿದಳು.

"ಆದ್ರೆ ಅಮ್ಮ ಪ್ರತೀ ಸಲ ಫೋನಿನಲ್ಲಿ ಹೇಳ್ತಾರಲ್ಲ ಅಕ್ಕ, ಅಳತೆ ಸರೀ ಉಂಟು, ಇವತ್ತೂ ಅದನ್ನೇ ಹಾಕಿಕೊಂಡು ಚರ್ಚಿಗೆ ಹೋಗಿ ಬಂದೆ ಅಂತ."