ಆಂಟಿಯ ಮಗನ ಫೋಟೋಗೆ ಗಂಧದ ಹಾರ

ನನಗೊಂದು ಕೆಟ್ಟ ಚಾಳಿ. ಯಾರಾದರೂ ಚೂರು ಸಹಾಯ ಕೇಳಿದರೆ ಪೂರ್ತಿ ಕೆಲಸವನ್ನೇ ಕಿತ್ತುಕೊಂಡು ಮಾಡಿಬಿಡುತ್ತೇನೆ. ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಶ್ರೀಲಂಕಾದ ತಮಿಳು ಆಂಟಿ ಇದಕ್ಕೆ ಚೆನ್ನಾಗಿಯೇ ಸಿಕ್ಕಿಬಿದ್ದರು.

ಶ್ರೀಲಂಕಾದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ, ವಿಚಾರಿಸಿ ಕಳಿಸುತ್ತೇವೆ ಎಂದು ಸೈನಿಕರು ಅವರ ಮಗನನ್ನು ಬಸ್ಸು ಹತ್ತಿಸಿಕೊಂಡು ಹೋಗಿದ್ದರು. ಐದು ವರ್ಷವಾದರೂ ಎಲ್ಲಿದ್ದಾನೆಂದು ಹೇಳುವವರಿಲ್ಲ. ಆಂಟಿ ಬೆಂಗಳೂರಿನ ಗಲ್ಲಿಯಲ್ಲಿ ಕಲಿತ ನನ್ನ ತಮಿಳಿಗೆ ನಗುತ್ತ, ಬೆಲ್ಲ ಹಾಕಿದ ನನ್ನ ಸಾರನ್ನು ಪಾಯಸವೆಂದು ಹೀಯಾಳಿಸುತ್ತ, ಸಂಸದರಿಗೆ, ಪ್ರಧಾನಿಗೆ, ಕೊನೆಗೆ ಇಂಗ್ಲೆಂಡಿನ ರಾಣಿಗೂ ನನ್ನಿಂದ ಅರ್ಜಿ ಬರೆಸಿದರು.

"ರಾಣಿ ಇದನ್ನೆಲ್ಲ ಓದ್ತಾರಾ ಆಂಟಿ?" ಎಂದೆ.

"ಅವ್ರಿಗೂ ಗಂಡುಮಕ್ಕಳಿದಾರಲ್ಲ, ಓದ್ತಾರೆ. ನೀನು ಬರಿ."

ಒಂದು ಶನಿವಾರ, ಹೀಗೆ ಕಾಣೆಯಾದವರ ಮನೆಯವರೆಲ್ಲ ಸಿಟಿಯಲ್ಲಿ ಫೋಟೋ ಹಿಡಿದು ನಿಲ್ಲುವುದೆಂದಾಯಿತು. ಆಂಟಿ ಮಗನ ಪಾಸ್‌ಪೋರ್ಟ್ ಅಳತೆಯ ಫೋಟೋ ಕೊಟ್ಟು ದೊಡ್ಡದು ಮಾಡಿಕೊಡು ಎಂದರು. ಅಷ್ಟಕ್ಕೇ ಬಿಡುತ್ತೇನೆಯೇ? ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿಸಿ, ಫ್ರೇಮಿನಲ್ಲಿ ಕೂರಿಸಿ ಗೋಡೆಗೆ ಒರಗಿಸಿದೆ. ಏನೋ ಕೊರತೆ ಅನ್ನಿಸಿತು. ಮೈಸೂರಿನಿಂದ ತಂದ ಗಂಧದ ಹಾರವಿತ್ತು, ಹಾಕಿಯೇಬಿಟ್ಟೆ. ದೊಡ್ಡ ಫೋಟೋ ಕಂಡರೆ ಹಾರ ಹುಡುಕುವ ಕೈ ನಮ್ಮದು. ಅದು ಬುದ್ಧಿಯನ್ನು ಕೇಳಲೇ ಇಲ್ಲ.

ಆಂಟಿ ಬಂದರು, ನೋಡಿದರು, ಬಾಗಿಲಲ್ಲೇ ನಿಂತರು. ಆಗ ನನಗೆ ಹೊಳೆಯಿತು. ನಮ್ಮಲ್ಲಿದ್ದಂತೆ ಅವರಲ್ಲೂ ಫೋಟೋಗೆ ಹಾರ ಹಾಕುವುದು ಮನುಷ್ಯ ಸತ್ತ ಮೇಲೆ. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ಇವನು ಸತ್ತ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ ಆಂಟಿ, ತಪ್ಪಾಯ್ತು."

"ಹೇಳಿದ್ರೆ ಅವ್ರ ಹೆಸರು ಕೊಡು. ನಾನು ಹುಡುಕ್ತಿರೋದು ಅವ್ರನ್ನೇ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಹಾರ ತೆಗೆದು ನನ್ನ ಕೊರಳಿಗೇ ಹಾಕಿ, ಸನ್ಮಾನಕ್ಕೆ ಬಂದವಳ ಹಾಗೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು.

"ಕಂಪ್ಯೂಟರ್ ಕೆಲಸದವಳಲ್ವಾ ನೀನು? ಇವನ ಕೂದಲು ಸ್ವಲ್ಪ ಕಮ್ಮಿ ಮಾಡು. ಇದು ಹಳೇ ಫೋಟೋ, ಈಗ ಮೂವತ್ತು ತುಂಬಿದೆ. ಇವರಪ್ಪನಿಗೆ ಆ ವಯಸ್ಸಿಗೇ ಅರ್ಧ ಬೋಳಾಗಿತ್ತು. ನೋಡ್ದೋರಿಗೆ ಗುರುತು ಸಿಗಬೇಕಲ್ಲ."

ಮೂಗೊರೆಸಿಕೊಂಡು ಮುಂದಲೆಯಿಂದ ಅಳಿಸುತ್ತ ಬಂದೆ. ನಡುನೆತ್ತಿಯವರೆಗೆ ಖಾಲಿಯಾಗುವಷ್ಟರಲ್ಲಿ ಆಂಟಿ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

"ಸಾಕು, ಸಾಕು! ಬಂದ್ಮೇಲೆ ಇವನಿಗೆ ಹೆಣ್ಣು ಹುಡುಕ್ಬೇಕು ನಾನು."