ಹೊಟ್ಟೆಯಲ್ಲಿ ಇಲ್ಲದ ಗೆಡ್ಡೆ

ಆಲಂಕಾರಿನಿಂದ ಬರುವ ಬಸ್ಸಿನಲ್ಲಿ ಒಬ್ಬರು ಅಜ್ಜಿ ಎದ್ದು ನಿಂತು, ‘ಕೂತ್ಕೊ ಮಗಾ, ಎಷ್ಟು ತಿಂಗಳಾಯ್ತು?’ ಎಂದು ಸೀಟು ಬಿಟ್ಟುಕೊಟ್ಟರು. ನನಗೆ ಆಗ ನಲವತ್ತೆರಡು. ಬಸುರಿ ಅಲ್ಲ ಎನ್ನದೆ ಆ ಸೀಟಿನಲ್ಲಿ ಕೂತೆ. ಆ ವಾರವೇ ಲೈಪೊಸಕ್ಷನ್ ಮಾಡುವ ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆ.

ಹೊಟ್ಟೆಯ ಕೊಬ್ಬು ತೆಗೆಸಲು ಹೋಗುತ್ತೇನೆ ಎಂದು ಅತ್ತೆಗೆ ಹೇಳುವುದು ಹೇಗೆ? ಎಪ್ಪತ್ತರಲ್ಲೂ ಬೆಳಗ್ಗೆ ಐದಕ್ಕೆದ್ದು ಹಟ್ಟಿ ಗುಡಿಸುವ ಹೆಂಗಸು ಅವರು. ‘ಹೊಟ್ಟೆಯಲ್ಲಿ ಸಣ್ಣ ಗೆಡ್ಡೆ ಉಂಟು ಅತ್ತೆ, ತೆಗೆಸ್ಬೇಕಂತೆ’ ಎಂದುಬಿಟ್ಟೆ. ವಿಷಯ ಗೊತ್ತಿದ್ದ ಗಂಡ ತಲೆ ತಗ್ಗಿಸಿ ಗಂಜಿ ಉಂಡರು.

ಮಂಗಳೂರಿನಲ್ಲಿ ನನಗೆ ಪ್ರಜ್ಞೆ ತಪ್ಪಿಸಲಿಲ್ಲ. ಸಲೈನಿಗೆ ಮರಗಟ್ಟಿಸುವ ಮದ್ದು, ರಕ್ತ ಹೆಚ್ಚು ಹೋಗದಂತೆ ಇನ್ನೊಂದು ಮದ್ದು ಬೆರೆಸಿ, ಸಣ್ಣ ತೂತುಗಳಿಂದ ಚರ್ಮದಡಿಗೆ ಲೀಟರುಗಟ್ಟಲೆ ತುಂಬಿಸಿದರು. ಹೊಟ್ಟೆ ಬಿಗಿದು ತಣ್ಣಗಾಯಿತು. ಆಮೇಲೆ ನಳಿಕೆ ಆಡಿಸಿ ಕೊಬ್ಬು ಎಳೆದರು. ಎಳೆಯುವುದು ಗೊತ್ತಾಗುತ್ತಿತ್ತು, ನೋವು ಮಾತ್ರ ಇಲ್ಲ. ‘ಒಳಗೆ ಉಳಿದ ಮದ್ದುನೀರು ಒಂದೆರಡು ದಿನ ಕೆಂಪಾಗಿ ಸೋರ್ತದೆ, ಹೆದರ್ಬೇಡಿ’ ಎಂದರು ಡಾಕ್ಟರು.

ನಾನು ಹೆದರಲಿಲ್ಲ. ಹೆದರಿದ್ದು ಅತ್ತೆ. ಮರುದಿನ ಮನೆಯಲ್ಲಿ ಕೆಂಪಾಗಿ ನೆನೆದ ಹಾಸಿಗೆ ಬಟ್ಟೆ ನೋಡಿ, ‘ಎಂತಕ್ಕೆ ಏಳುದು? ಮಲಗು ಮಾರಾಯ್ತಿ’ ಎಂದು ಅದನ್ನು ತಾವೇ ಕೊಂಡುಹೋಗಿ ಒಗೆದರು. ಸೊಸೆಗೆ ಪೂರ್ತಿ ಗುಣವಾಗುವವರೆಗೆ ಮೀನು ಮುಟ್ಟುವುದಿಲ್ಲ ಎಂದು ಹರಕೆಯನ್ನೂ ಹೇಳಿಕೊಂಡರು. ಮೀನಿಲ್ಲದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ತಿಂಗಳಿಡೀ ಬರೀ ಉಪ್ಪಿನಕಾಯಿಯಲ್ಲಿ ಉಂಡರು, ಎದುರು ಕೂತು ಉಣ್ಣುವಾಗ ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಅತ್ತೆ ತೀರಿಹೋದರು.

ಮೊನ್ನೆ ಮಗಳಿಗೆ ಹೊಟ್ಟೆನೋವೆಂದು ಪುತ್ತೂರಿಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಯಾರಿಗಾದರೂ ಗೆಡ್ಡೆ ಇತ್ತಾ ಎಂದು ಅಲ್ಲಿಯ ಡಾಕ್ಟರು ಕೇಳಿದರು.

‘ಅಮ್ಮನಿಗೆ ಇತ್ತು, ಆಪರೇಷನ್ ಆಗಿದೆ’ ಎಂದಳು ಮಗಳು. ಅಜ್ಜಿ ಅವಳಿಗೆ ಅದನ್ನು ಎಷ್ಟೋ ಸಲ ಹೇಳಿದ್ದರು. ಡಾಕ್ಟರು ಬರೆದುಕೊಂಡು ಸ್ಕ್ಯಾನಿಂಗಿಗೆ ಚೀಟಿ ಕೊಟ್ಟರು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.

ಹೊರಗೆ ಸರದಿಗೆ ಕಾಯುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ‘ನಿನ್ನ ಹಾಗೆ ನನಗೂ ಗೆಡ್ಡೆ ಇದ್ರೆ ಎಂತ ಮಾಡುದು ಅಮ್ಮಾ?’

‘ಎಂತ ಆಗುದಿಲ್ಲ’ ಎಂದೆ. ‘ನನಗೆ ಗುಣ ಆಗ್ಲಿಲ್ವಾ?’